ಅಪ್ಪ ಅಮ್ಮನ್ನ ಫಾರಿನ್‌ಗೆ ಕಳಿಸೋದು, ಅದೂ ಈ ಕೋವಿಡ್ ಟೈಮಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳ್ಬಿಡ್ತೀನಿ, ಇದನ್ನ ಬರೀತಿರೋದು 2022ರ ಫೆಬ್ರವರಿ 18ಕ್ಕೆ. ನೀವು ಓದೋ ಹೊತ್ತಿಗೆ ಇದರಲ್ಲಿ ಅರ್ಧ ಬದಲಾಗಿದ್ರೆ ನನ್ನ ಬೈಬೇಡಿ. ನಮ್ಮಕ್ಕ ನ್ಯೂಜೆರ್ಸಿಲಿದಾಳೆ, ಜನವರಿ ಎರಡನೇ ವಾರ ಹೆರಿಗೆ ಅಂತ ಡೇಟ್ ಕೊಟ್ಟಿದ್ರು, ಬಾಣಂತನಕ್ಕೆ ಅಂತ ಡಿಸೆಂಬರ್ 27ಕ್ಕೆ ಅಪ್ಪ ಅಮ್ಮನ್ನ ವಿಮಾನ ಹತ್ತಿಸೋ ಕೆಲಸ ನನ್ನ ತಲೆಗೆ ಬಂತು. ಅವತ್ತಿಂದ ಹಾಸನದ ಕಡೆ ನೆಂಟರು, ಆಫೀಸಿನೋರು, ಅವರ ಭಾವ, ಇವರ ಷಡ್ಡಕ ಎಲ್ರೂ ನಂಗೇ ಫೋನು. ನಾನೇನು ಟ್ರಾವೆಲ್ ಏಜೆಂಟ್ ಅಲ್ಲ ಸ್ವಾಮಿ, ಒಂದ್ಸಲ ಒದ್ದಾಡಿದೀನಿ ಅಷ್ಟೇ. ಒಂದೇ ಉತ್ತರ ಎಷ್ಟು ಸಲ ಹೇಳೋದು ಅಂತ ಬರೆದಿಡ್ತಿದೀನಿ.

ಈಗ ಟಿಕೆಟ್ ಬುಕ್ ಮಾಡ್ಬಹುದಾ, ಇಲ್ಲಾ ಎಲ್ಲಾ ಸರಿಹೋಗ್ಲಿ ಅಂತ ಕಾಯೋದಾ?

ಸರಿಹೋಗೋ ತಾರೀಖು ನಂಬ್ಕೊಂಡು ಕೂತೋರ ಕಥೆ ಏನಾಯ್ತು ನೋಡಿ. 2020ರ ಮಾರ್ಚ್‌ನಲ್ಲಿ ನಿಂತುಹೋಗಿದ್ದ ಮಾಮೂಲಿ ಇಂಟರ್‌ನ್ಯಾಷನಲ್ ವಿಮಾನಗಳನ್ನ ಡಿಸೆಂಬರ್ 15ರಿಂದ ಮತ್ತೆ ಬಿಡ್ತೀವಿ ಅಂತ ಸರ್ಕಾರ ಹೇಳಿದ್ದು ಹೋದ ನವೆಂಬರ್ 26ಕ್ಕೆ. ಅದೇ ದಿನ ಅತ್ಲಾಗೆ ವಿಶ್ವ ಆರೋಗ್ಯ ಸಂಸ್ಥೆ ಹೊಸ ತಳಿಗೆ ಓಮಿಕ್ರಾನ್ ಅಂತ ಹೆಸರಿಟ್ತು. ಡಿಸೆಂಬರ್ 1ಕ್ಕೆ ಹೇಳಿದ್ದು ವಾಪಸ್. ಮಾರನೇ ದಿನ ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ಅಂತ ಸುದ್ದಿ ಬಂತು, ಎಲ್ಲಿ ಅಂದ್ರೆ ನಮ್ಮ ಬೆಂಗಳೂರಲ್ಲೇ. ಆಮೇಲೆ ಜನವರಿ 31ರ ತನಕ ಇಲ್ಲ ಅಂದ್ರು, ಈಗ ಫೆಬ್ರವರಿ 28ರ ತನಕ ಇಲ್ಲ ಅಂತಿದಾರೆ.

ಅದಕ್ಕೇ ನಾನು ಹೇಳೋದು, ಘೋಷಣೆ ನೋಡಿ ಬುಕ್ ಮಾಡ್ಬೇಡಿ, ಇವತ್ತು ನಿಜವಾಗ್ಲೂ ಹಾರ್ತಿರೋ ಫ್ಲೈಟ್ ನೋಡಿ ಬುಕ್ ಮಾಡಿ. ಹೆರಿಗೆ, ಕಾಲೇಜು ಅಡ್ಮಿಷನ್, ಕೆಲಸಕ್ಕೆ ಜಾಯ್ನ್ ಆಗೋದು, ಇವೆಲ್ಲ ಕಾಯಲ್ಲ, ಹೋಗ್ಲೇಬೇಕು. ಸುಮ್ನೆ ಊರು ನೋಡೋಕೆ ಅಂದ್ರೆ ನಾನಾಗಿದ್ರೆ ಏಪ್ರಿಲ್ ಕಳೀಲಿ ಅಂತ ಸುಮ್ನಿರ್ತಿದ್ದೆ.

ಏರ್ ಬಬಲ್ ಅಂತಾರಲ್ಲ, ಅದೇನದು?

ಮಾಮೂಲಿ ವಿಮಾನ ಬಂದ್ ಆಗಿರೋವಾಗ ಎರಡು ದೇಶ ಕೂತು ಮಾತಾಡ್ಕೊಂಡು ನಿಮ್ಮ ಕಡೆಯಿಂದ ಇಷ್ಟು ನಮ್ಮ ಕಡೆಯಿಂದ ಇಷ್ಟು ಅಂತ ಫ್ಲೈಟ್ ಬಿಡೋ ಒಪ್ಪಂದ. 2020ರ ಜುಲೈನಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ ಜೊತೆ ಶುರುವಾಗಿದ್ದು, ಈಗ 30ಕ್ಕಿಂತ ಜಾಸ್ತಿ ದೇಶಗಳ ಜೊತೆ ಇದೆ. ಸೀಟು ಕಮ್ಮಿ ಅದಕ್ಕೇ ರೇಟು ಹಂಗೆ. ಒಂದು ವಿಷಯ ಮಾತ್ರ ನೋಡ್ಕೊಳ್ಳಿ, ಎಲ್ಲಾ ಬಬಲ್‌ಲೂ ಮೂರನೇ ದೇಶಕ್ಕೆ ಕನೆಕ್ಷನ್ ತಗೊಳ್ಳೋಕೆ ಬಿಡಲ್ಲ, ವೆಬ್‌ಸೈಟ್ ಟಿಕೆಟ್ ಮಾರತ್ತೆ ಅಂದ ಮಾತ್ರಕ್ಕೆ ಹತ್ತಿಸ್ತಾರೆ ಅಂತಲ್ಲ. ಬುಕ್ ಮಾಡೋಕೆ ಮುಂಚೆ ಏರ್‌ಲೈನ್‌ಗೇ ಫೋನ್ ಮಾಡಿ ಕೇಳಿ.

ಒಬ್ಬೊಬ್ರು ಒಂದೊಂದು ರೂಲ್ಸ್ ಹೇಳ್ತಾರೆ, ಯಾರನ್ನ ನಂಬೋದು?

ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ಸುಲಭ. ನಾವೇನು ಅನ್ಕೊಂಡಿರ್ತೀವಿ, ಅಮೆರಿಕದ ಇಮಿಗ್ರೇಷನ್ ಆಫೀಸರು ಪೇಪರ್ ಎಲ್ಲಾ ನೋಡ್ತಾನೆ ಅಂತ. ಕೋವಿಡ್ ಪೇಪರ್ ನೋಡೋದು ಅವನಲ್ಲ, ದೇವನಹಳ್ಳಿಲಿ ಚೆಕ್-ಇನ್ ಕೌಂಟರಲ್ಲಿ ಕೂತಿರೋ ಹುಡುಗಿ. ಪೇಪರ್ ಸರಿಯಿಲ್ದೇ ಇರೋರನ್ನ ಹತ್ತಿಸ್ಕೊಂಡು ಹೋದ್ರೆ ಏರ್‌ಲೈನ್‌ಗೇ ದಂಡ, ಅದಕ್ಕೆ ಡೌಟ್ ಬಂದ್ರೆ ಅವರು ಬೇಡ ಅಂತಾರೆ ಹೊರತು ಹೋಗ್ಲಿ ಬಿಡಿ ಅನ್ನಲ್ಲ. ಅವಳ ಮುಂದಿರೋ ಸ್ಕ್ರೀನಲ್ಲಿ ಟೈಮ್ಯಾಟಿಕ್ ಅಂತ ಒಂದು ಸಿಸ್ಟಂ ಇರತ್ತೆ, ಏರ್‌ಲೈನ್‌ಗಳ ಸಂಘ ಐಯಾಟಾದ್ದು, ಯಾವ ಪಾಸ್‌ಪೋರ್ಟ್, ಎಲ್ಲಿಂದ ಎಲ್ಲಿಗೆ, ಯಾವ ದಾರಿ ಅಂತ ಹಾಕಿದ್ರೆ ಏನೇನು ಬೇಕು ಅಂತ ತೋರಿಸತ್ತೆ. ಅದರ ಪಬ್ಲಿಕ್ ವರ್ಷನ್ ಐಯಾಟಾ ಟ್ರಾವೆಲ್ ಸೆಂಟರ್ ಸೈಟಲ್ಲಿ ನೀವೂ ನೋಡ್ಬಹುದು.

ಹಂಗಾಗಿ ನಾನು ಮೂರು ಕಡೆ ನೋಡ್ತಿದ್ದೆ: ಹೋಗೋ ದೇಶದ ಸರ್ಕಾರಿ ಸೈಟು, ಏರ್‌ಲೈನ್ ಸೈಟು, ಇದು. ಮೂರೂ ಒಂದೇ ಹೇಳಿದ್ರೆ ಸರಿ. ಬೇರೆ ಬೇರೆ ಹೇಳಿದ್ರೆ ಏರ್‌ಲೈನ್ ಹೇಳಿದ್ದೇ ವೇದವಾಕ್ಯ, ಯಾಕಂದ್ರೆ ಹತ್ತಿಸೋರು ಅವರು. ಸರ್ಕಾರಿ ಸೈಟಿನ ರೂಲ್ಸ್ ಪೇಜನ್ನ ತಾರೀಖು ಕಾಣೋ ಹಾಗೆ ಪ್ರಿಂಟ್ ಹಾಕಿ ಫೈಲಲ್ಲಿ ಇಟ್ಕೊಳ್ಳಿ, ಕೌಂಟರಲ್ಲಿ ವಾದಕ್ಕೆ ಬಂದಾಗ ತೋರಿಸೋಕಾಗತ್ತೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಬಂದಿದ್ದನ್ನ ನಂಬಿ ಹೋದೋರನ್ನ ದೇವರೇ ಕಾಪಾಡ್ಬೇಕು.

ಲಸಿಕೆ ಸರ್ಟಿಫಿಕೇಟಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರಿದೆ, ಏನಾದ್ರೂ ತೊಂದ್ರೆ ಆಗತ್ತಾ?

ಆಗತ್ತೆ. ನಮ್ಗೆ ಆಯ್ತು. ನಮ್ಮ ಕಡೆ ಹೆಸರು ಹೆಂಗೆ ಹೇಳಿ, ಮುಂದೆ ಊರಿನ ಅಕ್ಷರ, ಆಮೇಲೆ ಅಪ್ಪನ ಹೆಸರಿನ ಅಕ್ಷರ, ಆಮೇಲೆ ನಮ್ಮ ಹೆಸರು. ಆಧಾರ್‌ಲಿ ಅಪ್ಪಂದು ಹಂಗೇ ಇದೆ, ಲಸಿಕೆ ಹಾಕ್ಸೋವಾಗ ಆಧಾರ್ ಕೊಟ್ಟಿದ್ದು, ಸೋ ಕೋವಿನ್ ಸರ್ಟಿಫಿಕೇಟಲ್ಲೂ ಹಂಗೇ ಬಂತು. ಪಾಸ್‌ಪೋರ್ಟಲ್ಲಿ ಇನಿಷಿಯಲ್ ಬಿಡಿಸಿ ಬರೀಬೇಕಲ್ಲ, ಅಲ್ಲಿ ಊರಿನ ಹೆಸರೇ ಸರ್‌ನೇಮ್ ಆಗಿ ಕೂತಿದೆ. ಅಮ್ಮಂದು ಇನ್ನೊಂಥರ, ಆಧಾರಲ್ಲಿ ಬರೀ ಹೆಸರು, ಪಾಸ್‌ಪೋರ್ಟಲ್ಲಿ ಜೊತೆಗೆ ಅಪ್ಪನ ಹೆಸರು.

ಕೌಂಟರಲ್ಲಿ ಆ ಹುಡುಗಿ ಪಾಸ್‌ಪೋರ್ಟು ಸರ್ಟಿಫಿಕೇಟು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರದ ಕೆಳಗೆ ಪೆನ್ನು ಓಡಿಸ್ಕೊಂಡು ಹೋದ್ಲು, ಸೇಮ್ ಒಂದನೇ ಕ್ಲಾಸಿನ ಮೇಷ್ಟ್ರ ಥರ. ಅಪ್ಪನ ಇನಿಷಿಯಲ್ ಹತ್ರ ಪೆನ್ನು ನಿಂತೋಯ್ತು. ಸೂಪರ್‌ವೈಸರ್ ಕರೆದ್ರು, ಅವರು ಇನ್ಯಾರನ್ನೋ ಕರೆದ್ರು, ನಲವತ್ತು ನಿಮಿಷ. ಅಪ್ಪ ಕನ್ನಡದಲ್ಲಿ "ಅದು ನಮ್ಮೂರಮ್ಮ" ಅಂತ ವಿವರಿಸ್ತಾನೇ ಇದಾರೆ, ಹೊರಗಡೆ ನಿಂತಿದ್ದ ನಂಗೆ ಫೋನಲ್ಲಿ ಎಲ್ಲಾ ಕೇಳಿಸ್ತಿದೆ. ಕೊನೆಗೆ ಉಳಿಸಿದ್ದು ಸರ್ಟಿಫಿಕೇಟ್ ಮೇಲಿದ್ದ ಪಾಸ್‌ಪೋರ್ಟ್ ನಂಬರು, ಅದು ಮ್ಯಾಚ್ ಆಯ್ತು ಅಂತ ಬಿಟ್ರು.

ನೀವು ಈಗ್ಲೇ ಕೋವಿನ್‌ಗೆ ಲಾಗಿನ್ ಆಗಿ. ಪಾಸ್‌ಪೋರ್ಟ್ ನಂಬರ್ ಸೇರಿಸೋ ಆಪ್ಷನ್ 2021ರ ಜೂನ್‌ನಿಂದಾನೇ ಇದೆ. ಹುಟ್ಟಿದ ತಾರೀಖು ಪೂರ್ತಿ ಬರೋ ಫಾರಿನ್ ಟ್ರಾವೆಲ್ ಸರ್ಟಿಫಿಕೇಟೂ ಸೆಪ್ಟೆಂಬರಿಂದ ಸಿಗತ್ತೆ, ಹಳೇದರಲ್ಲಿ ಬರೀ ವರ್ಷ ಇರ್ತಿತ್ತು. ಹೆಸರು ತಿದ್ದೋಕೆ ಒಂದೇ ಒಂದು ಸಲ ಅವಕಾಶ, ಅದಕ್ಕೆ ಪಾಸ್‌ಪೋರ್ಟ್ ಮುಂದೆ ಇಟ್ಕೊಂಡು, ಕನ್ನಡಕ ಹಾಕ್ಕೊಂಡು, ಸ್ಪೇಸ್ ಸಮೇತ ನೋಡಿ ಟೈಪ್ ಮಾಡಿ. ಆರ್‌ಟಿ-ಪಿಸಿಆರ್ ಹುಡುಗ ಬಂದಾಗ್ಲೂ ಆಧಾರ್ ಕೊಡ್ಬೇಡಿ, ಪಾಸ್‌ಪೋರ್ಟೇ ಕೊಡಿ, ರಿಪೋರ್ಟಲ್ಲಿ ಪಾಸ್‌ಪೋರ್ಟ್ ನಂಬರ್ ಬರಬೇಕು ಅಂತ ಬಾಯಿ ಬಿಟ್ಟು ಹೇಳಿ.

ಟೆಸ್ಟ್ ಯಾವಾಗ ಮಾಡಿಸ್ಬೇಕು?

ದೇಶದ ಮೇಲೆ ಹೋಗತ್ತೆ. ಅಮೆರಿಕ ಮೊದಲು ಮೂರು ದಿನ ಅಂತಿತ್ತು, ಡಿಸೆಂಬರ್ 6ರಿಂದ ಒಂದು ದಿನ ಮಾಡಿದ್ರು, ಲಸಿಕೆ ಆಗಿರ್ಲಿ ಆಗ್ದೇ ಇರ್ಲಿ. ಈ ಒಂದು ದಿನ ಅನ್ನೋದರಲ್ಲೇ ನಮ್ಮೋರು ಬೀಳೋದು. ಅದು 24 ಗಂಟೆ ಲೆಕ್ಕ ಅಲ್ಲ, ಕ್ಯಾಲೆಂಡರ್ ಲೆಕ್ಕ. ಬೆಂಗಳೂರಿಂದ ದೂರದ ಫ್ಲೈಟ್‌ಗಳು ಬಹಳಷ್ಟು ಹೊರಡೋದು ನಡುರಾತ್ರಿ ಮೇಲೆ. ನಮ್ಮದು 27ನೇ ತಾರೀಖು ಬೆಳಗಿನ ಜಾವ ಮೂರೂವರೆಗೆ. ಅಪ್ಪನ ಲೆಕ್ಕ ಏನಪ್ಪಾ ಅಂದ್ರೆ, ನಾವು ಮನೆ ಬಿಡೋದು 26ರ ರಾತ್ರಿ ಊಟ ಮಾಡಿ, ಹಂಗಾಗಿ ಪ್ರಯಾಣ 26ಕ್ಕೆ, ಒಂದಿನ ಮುಂಚೆ ಅಂದ್ರೆ 25. ಪಂಚಾಂಗದ ಪ್ರಕಾರ ಸೂರ್ಯ ಹುಟ್ಟೋ ತನಕ ದಿನ ಬದಲಾಗಲ್ಲ, ಅಪ್ಪಂದೇ ಸರಿ. ಆದ್ರೆ ಏರ್‌ಲೈನ್ ಪಂಚಾಂಗ ನೋಡಲ್ವಲ್ಲ. ಟಿಕೆಟಲ್ಲಿ 27 ಅಂತಿದ್ರೆ 26ನೇ ತಾರೀಖು ಯಾವಾಗ ಸ್ಯಾಂಪಲ್ ಕೊಟ್ರೂ ನಡಿಯತ್ತೆ, 25ರ ರಾತ್ರಿ ಹನ್ನೊಂದೂವರೆಗೆ ಕೊಟ್ರೆ ನಡಿಯಲ್ಲ.

ಅದೂ 26 ಭಾನುವಾರ, ಹಿಂದಿನ ದಿನ ಕ್ರಿಸ್‌ಮಸ್. ಎರಡು ಲ್ಯಾಬ್ ಬರಲ್ಲ ಅಂದ್ವು, ಮೂರನೇದು ಬೆಳಿಗ್ಗೆ ಏಳಕ್ಕೆ ಬಂತು. ಅಮ್ಮನ ರಿಪೋರ್ಟ್ ಮಧ್ಯಾಹ್ನ ಎರಡಕ್ಕೆ ಬಂತು. ಅಪ್ಪಂದು ಬರಲಿಲ್ಲ. ಒಂದೇ ಮನೆ, ಒಂದೇ ಹುಡುಗ, ಒಂದೇ ಡಬ್ಬಿಲಿ ಹೋದ ಸ್ಯಾಂಪಲ್. ಸಂಜೆ ಆರಕ್ಕೆ ಇಲ್ಲ, ಏಳಕ್ಕೆ ಇಲ್ಲ, ಅಮ್ಮ ದೇವರ ಮನೆಗೆ ಹೋಗಿ ಕೂತ್ಬಿಟ್ರು, ಎಂಟು ಹತ್ತಕ್ಕೆ ನೆಗೆಟಿವ್ ಅಂತ ಮೆಸೇಜ್ ಬಂತು. ಈಗ ಯೋಚಿಸಿದ್ರೆ ಪೆದ್ದುತನ, ಅಮೆರಿಕಕ್ಕೆ ಆಂಟಿಜೆನ್ ಟೆಸ್ಟ್ ಕೂಡ ನಡಿಯತ್ತೆ, ಅರ್ಧ ಗಂಟೆಲಿ ರಿಸಲ್ಟು, ಲ್ಯಾಬಿನ ರಿಪೋರ್ಟ್ ಇದ್ರೆ ಸಾಕು. ನೀವು ಹೋಗೋ ದೇಶ ಒಪ್ಪೋದಾದ್ರೆ ಬ್ಯಾಕಪ್ ಆಗಿ ಅದನ್ನ ಇಟ್ಕೊಳ್ಳಿ. ಮನೇಲಿ ನಾವೇ ಮಾಡ್ಕೊಳ್ಳೋ ಕಿಟ್ಟು ಮಾತ್ರ ನಡಿಯಲ್ಲ.

ದುಬೈಗೆ ಬೇರೆ, 48 ಗಂಟೆ ಒಳಗಿನ ಪಿಸಿಆರ್ ಜೊತೆಗೆ ಏರ್‌ಪೋರ್ಟಲ್ಲೇ ರ‍್ಯಾಪಿಡ್ ಪಿಸಿಆರ್ ಕೂಡ ಕೇಳ್ತಿದಾರೆ, ಅದಕ್ಕೆ ಕ್ಯೂ ಇರತ್ತೆ, ಬೇಗ ಹೋಗಿ. ಯುಕೆ ಉಲ್ಟಾ, ಎರಡೂ ಡೋಸ್ ಆಗಿರೋರಿಗೆ ಫೆಬ್ರವರಿ 11ರಿಂದ ಟೆಸ್ಟೇ ಬೇಡ, ಪ್ಯಾಸೆಂಜರ್ ಲೊಕೇಟರ್ ಫಾರಂ ತುಂಬಿದ್ರೆ ಸಾಕು.

ಕೋವಿಡ್ ಬಂದು ವಾಸಿಯಾಗಿ ತಿಂಗಳಾಯ್ತು, ಇನ್ನೂ ಟೆಸ್ಟಲ್ಲಿ ಪಾಸಿಟಿವ್ ತೋರಿಸ್ತಿದೆ, ಏನ್ ಮಾಡ್ಲಿ?

ಜನವರಿ ಅಲೆ ಆದ್ಮೇಲೆ ಈ ಪ್ರಶ್ನೆ ಜಾಸ್ತಿ. ಸತ್ತ ವೈರಸ್ಸಿನ ಚೂರುಪಾರು ಮೂಗಲ್ಲಿ ವಾರಗಟ್ಟಲೆ ಇರತ್ತೆ, ಪಿಸಿಆರ್ ಅದನ್ನೂ ಹಿಡಿಯತ್ತೆ. ಅಮೆರಿಕಕ್ಕಾದ್ರೆ ದಾರಿ ಇದೆ, 90 ದಿನದೊಳಗಿನ ಪಾಸಿಟಿವ್ ರಿಪೋರ್ಟು ಮತ್ತೆ ಇವರು ವಾಸಿಯಾಗಿದಾರೆ ಪ್ರಯಾಣ ಮಾಡ್ಬಹುದು ಅಂತ ಡಾಕ್ಟರು ಲೆಟರ್‌ಹೆಡ್ಡಲ್ಲಿ ಸಹಿ ಹಾಕಿ ಕೊಟ್ಟ ಪತ್ರ, ಇವೆರಡಿದ್ರೆ ನೆಗೆಟಿವ್ ಬೇಡ. ಅದಕ್ಕೇ ಪಾಸಿಟಿವ್ ರಿಪೋರ್ಟ್ ಅಪಶಕುನ ಅಂತ ಡಿಲೀಟ್ ಮಾಡ್ಬೇಡಿ. ಮನೇಲೇ ಕಿಟ್‌ನಲ್ಲಿ ನೋಡ್ಕೊಂಡು ಸುಮ್ನಿದ್ದೋರಿಗೆ ಈ ಅನುಕೂಲ ಇಲ್ಲ.

ಕೋವ್ಯಾಕ್ಸಿನ್ ಹಾಕ್ಸಿದೀವಿ, ಒಪ್ಪುತ್ತಾರಾ? ಕೋವಿಶೀಲ್ಡ್?

ಕೋವ್ಯಾಕ್ಸಿನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಸಿಕ್ಕಿದ್ದು 2021ರ ನವೆಂಬರ್ 3ಕ್ಕೆ, ಅಮೆರಿಕ ಬಾಗಿಲು ತೆಗೆದಿದ್ದು ನವೆಂಬರ್ 8ಕ್ಕೆ, ಐದೇ ದಿನದ ಅಂತರ, ಎಷ್ಟು ಜನ ನಿಟ್ಟುಸಿರು ಬಿಟ್ರೋ. ಎರಡನೇ ಡೋಸ್ ಆಗಿ 14 ದಿನ ಕಳ್ದಿರ್ಬೇಕು. ಯುಕೆ ನವೆಂಬರ್ 22ರಿಂದ ಒಪ್ಪತ್ತೆ, ಆಸ್ಟ್ರೇಲಿಯಾನೂ ಒಪ್ಪತ್ತೆ. ಯೂರೋಪಲ್ಲಿ ದೇಶ ದೇಶಕ್ಕೂ ಬೇರೆ.

ಕೋವಿಶೀಲ್ಡ್‌ದೂ ಸಲೀಸಾಗೇನೂ ಆಗ್ಲಿಲ್ಲ. ಹೋದ ಸೆಪ್ಟೆಂಬರಲ್ಲಿ ಯುಕೆ ಲಸಿಕೆ ಸರಿ ಆದ್ರೆ ನಿಮ್ಮ ಸರ್ಟಿಫಿಕೇಟ್ ಒಪ್ಪಲ್ಲ ಅಂತು, ಅವರ ಲಸಿಕೆನೇ ಪುಣೆಲಿ ಮಾಡಿದ್ದು, ಅದಕ್ಕೆ ಈ ಮಾತು. ನಮ್ಮೋರು ಅಕ್ಟೋಬರ್ 4ರಿಂದ ಅವರಿಗೂ ಹತ್ತು ದಿನ ಕ್ವಾರಂಟೈನ್ ಹಾಕಿದ್ರು, 11ರಿಂದ ಅವರು ಒಪ್ಕೊಂಡ್ರು. ವೈರಸ್ಸಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ರೂಲ್ಸ್ ಯಾಕೆ ಹಿಂಗೆ ಅಂತ ತಲೆ ಕೆಡಿಸ್ಕೊಳ್ಳೋರಿಗೆ ಹೇಳಿದೆ ಅಷ್ಟೇ.

ಯೂರೋಪಿಗೆ ಹೋಗೋರು ಇನ್ನೊಂದು ನೋಡಿ: ಫೆಬ್ರವರಿ 1ರಿಂದ ಒಕ್ಕೂಟದೊಳಗೆ ಓಡಾಡೋಕೆ ಲಸಿಕೆ ಸರ್ಟಿಫಿಕೇಟಿಗೆ 270 ದಿನದ ಆಯಸ್ಸು. ನಮ್ಮಲ್ಲಿ ಏಪ್ರಿಲ್ ಮೇ ತಿಂಗಳಲ್ಲೇ ಕ್ಯೂ ನಿಂತು ಎರಡೂ ಡೋಸ್ ಹಾಕ್ಸಿದ್ರಲ್ಲ, ಅವರದು ಮುಗ್ದೋಯ್ತು. ಅರವತ್ತು ದಾಟಿ ಬೇರೆ ಕಾಯಿಲೆನೂ ಇರೋರಿಗೆ ಜನವರಿ 10ರಿಂದ ಮೂರನೇ ಡೋಸ್ ಸಿಗ್ತಿದೆ. ಐವತ್ತೈದರ ಮಾಮ ಏನ್ಮಾಡ್ಬೇಕು ಅಂದ್ರೆ, ಸದ್ಯಕ್ಕೆ ಮನೇಲಿರ್ಬೇಕು.

ಮಧ್ಯದಲ್ಲಿ ಫ್ಲೈಟ್ ಬದಲಾಯಿಸೋ ದೇಶದ ರೂಲ್ಸೂ ನೋಡ್ಬೇಕಾ?

ನೋಡ್ಲೇಬೇಕು. ಹೋಗೋ ದೇಶಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲೇ. ಜನವರಿ 8ರಿಂದ ಹಾಂಗ್‌ಕಾಂಗ್ ಭಾರತದ ವಿಮಾನನೇ ಬಿಟ್ಕೊಳ್ತಿಲ್ಲ. ಜರ್ಮನಿಲಿ ಬರೀ ಏರ್‌ಪೋರ್ಟ್ ಒಳಗೆ ಕೂತಿರೋದಕ್ಕೂ ನಮ್ಮ ಪಾಸ್‌ಪೋರ್ಟಿಗೆ ಟ್ರಾನ್ಸಿಟ್ ವೀಸಾ ಬೇಕು, ಅಮೆರಿಕದ ವೀಸಾ ಇದ್ದೋರಿಗೆ ವಿನಾಯಿತಿ. ಟಿಕೆಟ್ ಮಾತ್ರ ಒಂದೇ ಬುಕಿಂಗಲ್ಲಿರ್ಲಿ. ನಾಲ್ಕು ಸಾವಿರ ಉಳಿಯತ್ತೆ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡ್ರೆ ಒಂದು ದಿನದ ಟೆಸ್ಟಿನ ಲೆಕ್ಕ ಎರಡನೇ ಫ್ಲೈಟಿಂದ ಶುರುವಾಗ್ಬಹುದು, ಮೊದಲನೇದು ಲೇಟಾದ್ರೆ ಎರಡನೇದರ ಜವಾಬ್ದಾರಿ ಯಾರದ್ದೂ ಅಲ್ಲ. ಆದಷ್ಟೂ ಡೈರೆಕ್ಟ್ ನೋಡಿ. ಬೆಂಗಳೂರು ಸ್ಯಾನ್‌ಫ್ರಾನ್ಸಿಸ್ಕೋ ನೇರ ವಿಮಾನ 2021ರ ಜನವರಿಲಿ ಶುರುವಾಯ್ತಲ್ಲ, ಮೊದಲ ಸಲ ನಡೆಸಿದ್ದು ಪೂರ್ತಿ ಮಹಿಳಾ ಪೈಲಟ್‌ಗಳು, ಆ ಕಡೆ ಮಕ್ಕಳಿರೋರಿಗೆ ಅದು ವರ.

ಕ್ಯಾನ್ಸಲ್ ಆದ್ರೆ ದುಡ್ಡು ವಾಪಸ್ ಬರತ್ತಾ?

ಅವರು ಕ್ಯಾನ್ಸಲ್ ಮಾಡಿದ್ರೋ ನೀವು ಮಾಡಿದ್ರೋ ಅನ್ನೋದರ ಮೇಲೆ ನಿಂತಿದೆ. ಅಮೆರಿಕಕ್ಕೆ ಹೋಗೋ ಬರೋ ಫ್ಲೈಟನ್ನ ಏರ್‌ಲೈನೇ ಕ್ಯಾನ್ಸಲ್ ಮಾಡಿದ್ರೆ ಅಲ್ಲಿನ ಸಾರಿಗೆ ಇಲಾಖೆ ನಿಯಮದ ಪ್ರಕಾರ ದುಡ್ಡೇ ಕೊಡ್ಬೇಕು, ವೋಚರ್ ತಗೊಳ್ಳಿ ಅಂತ ಬಲವಂತ ಮಾಡೋ ಹಾಗಿಲ್ಲ. ಅದಕ್ಕೆ ಹೊರಡೋ ಹಿಂದಿನ ದಿನ ಡೌಟ್ ಇದ್ರೂ ನೀವಾಗೇ ಕ್ಯಾನ್ಸಲ್ ಬಟನ್ ಒತ್ತೋಕೆ ಅರ್ಜೆಂಟ್ ಮಾಡ್ಬೇಡಿ, ಅವರೇ ಮಾಡ್ಲಿ. ಸುಪ್ರೀಂ ಕೋರ್ಟ್ 2020ರ ಅಕ್ಟೋಬರಲ್ಲಿ ರೀಫಂಡ್ ಕೊಡ್ಬೇಕು ಅಂತ ಹೇಳಿದ್ದನ್ನ ಕೆಲವರು ಈಗ್ಲೂ ಹಿಡ್ಕೊಂಡಿದಾರೆ, ಅದು ಆ ಲಾಕ್‌ಡೌನ್ ಕಾಲದ ಟಿಕೆಟ್‌ಗಳಿಗೆ.

ಏಜೆಂಟ್ ಅಥವಾ ಆ್ಯಪ್ ಮೂಲಕ ತಗೊಂಡ್ರೆ ದುಡ್ಡು ಮೊದಲು ಅವರ ಖಾತೆಗೆ ಹೋಗಿ ಆಮೇಲೆ ನಿಮಗೆ. ನಂದೇ ಒಂದು ಹಳೇ ರೀಫಂಡ್ ಹಂಗೆ ಐದು ತಿಂಗಳು ತಿರುಗಾಡ್ತು, ಏಜೆಂಟ್ ಕೇಳಿದ್ರೆ ಏರ್‌ಲೈನ್ ಅಂತಾನೆ, ಏರ್‌ಲೈನ್ ಕೇಳಿದ್ರೆ ಏಜೆಂಟ್ ಅಂತಾರೆ. ಈಗ ನೇರ ಏರ್‌ಲೈನ್ ಸೈಟಲ್ಲೇ, ತಾರೀಖು ಬದಲಾಯಿಸೋಕೆ ಬಿಡೋ ಟಿಕೆಟ್ಟೇ, ಎರಡು ಮೂರು ಸಾವಿರ ಜಾಸ್ತಿ ಆದ್ರೂ ಆಗ್ಲಿ. ಹಂಗಂತ ಫ್ಲೈಟ್ ನಿಲ್ಲೋದು ಕೋವಿಡ್‌ಗೇ ಅಂತಿಲ್ಲ, ಜನವರಿ 19ಕ್ಕೆ ಅಮೆರಿಕದಲ್ಲಿ 5ಜಿ ಶುರುವಾಗತ್ತೆ ಅಂತ ಏರ್ ಇಂಡಿಯಾ ಅಲ್ಲಿನ ಎಷ್ಟೋ ಫ್ಲೈಟ್ ನಿಲ್ಲಿಸ್ತು.

ಇನ್ಶೂರೆನ್ಸ್ ಬೇಕಾ?

ಅಪ್ಪ ಅಮ್ಮಂಗೆ ಅಂದ್ರೆ ಕಣ್ಣುಮುಚ್ಚಿ ತಗೊಳ್ಳಿ. ಆದ್ರೆ ಪಾಲಿಸಿನ ಕಣ್ಣು ಬಿಟ್ಕೊಂಡು ಓದಿ. ಕೋವಿಡ್ ಬಂದು ಆಸ್ಪತ್ರೆಗೆ ಸೇರಿದ್ರೆ ಕೊಡ್ತಾರೆ ಅಂತ ಬರೆದಿರತ್ತೆ, ಹೋಟೆಲಲ್ಲಿ ಕ್ವಾರಂಟೈನ್ ಕೂತ್ರೆ ಕೊಡ್ತಾರಾ ಅನ್ನೋದು ಬೇರೆ ಪ್ರಶ್ನೆ, ಬಹಳಷ್ಟು ಪಾಲಿಸಿ ಕೊಡಲ್ಲ. ಭಯ ಆಗಿ ಟ್ರಿಪ್ ಬಿಟ್ರೆ, ಸರ್ಕಾರ ಗಡಿ ಮುಚ್ಚಿದ್ರೆ, ಸಾಮಾನ್ಯವಾಗಿ ಏನೂ ಸಿಗಲ್ಲ. ಬಿಪಿ ಶುಗರ್ ಇದ್ರೆ ಮುಚ್ಚಿಡ್ಬೇಡಿ, ಆಮೇಲೆ ಕ್ಲೈಮ್ ತಳ್ಳಿಹಾಕೋಕೆ ಅದೇ ನೆಪ.

ಅಮೆರಿಕದ ವೀಸಾ ಅಪಾಯಿಂಟ್‌ಮೆಂಟೇ ಸಿಗ್ತಿಲ್ಲ

ಗೊತ್ತು. ಬೆಂಗಳೂರಲ್ಲಿ ಬೆರಳಚ್ಚು ಕೊಡೋ ಸೆಂಟರ್ ಇದೆ, ಇಂಟರ್‌ವ್ಯೂಗೆ ಚೆನ್ನೈಗೋ ಹೈದರಾಬಾದ್‌ಗೋ ಓಡ್ಬೇಕು. ಹಳೇ ಟೂರಿಸ್ಟ್ ವೀಸಾ ಮುಗಿದು 48 ತಿಂಗಳು ಆಗಿಲ್ಲ ಅಂದ್ರೆ ಇಂಟರ್‌ವ್ಯೂ ಇಲ್ದೇ ಡ್ರಾಪ್‌ಬಾಕ್ಸಲ್ಲಿ ಕೊಡ್ಬಹುದು, ಮೊದಲು ಅಪ್ಪನ ಹಳೇ ಪಾಸ್‌ಪೋರ್ಟ್ ತೆಗೆದು ನೋಡಿ. ವೀಸಾ ಕೈಗೆ ಬರೋ ತನಕ ಟಿಕೆಟ್ ಬೇಡ.

ಮಕ್ಕಳಿಗೆ?

ಅಮೆರಿಕಕ್ಕೆ ಹೋಗೋವಾಗ ಎರಡು ವರ್ಷದೊಳಗಿನ ಕೂಸಿಗೆ ಟೆಸ್ಟ್ ಬೇಡ, 18ರೊಳಗಿನೋರಿಗೆ ಲಸಿಕೆ ಕಡ್ಡಾಯ ಅಲ್ಲ. ಇಲ್ಲಿಗೆ ಬರೋವಾಗ ಐದು ವರ್ಷದೊಳಗಿದ್ರೆ ಟೆಸ್ಟ್ ಬೇಡ.

ಯುಗಾದಿಗೆ ಊರಿಗೆ ಬರ್ತಿದೀವಿ, ಕ್ವಾರಂಟೈನ್ ಇದೆಯಾ?

ಸದ್ಯಕ್ಕಿಲ್ಲ. ಡಿಸೆಂಬರ್ 1ರಿಂದ ರಿಸ್ಕ್ ಇರೋ ದೇಶ ಅಂತ ಲಿಸ್ಟ್ ಮಾಡಿ ಅಲ್ಲಿಂದ ಬಂದೋರಿಗೆ ಏರ್‌ಪೋರ್ಟಲ್ಲೇ ಟೆಸ್ಟ್ ಮಾಡಿ ರಿಸಲ್ಟ್ ಬರೋ ತನಕ ಕೂರಿಸ್ತಿದ್ರು, ಜನವರಿ 11ರಿಂದ ಎಲ್ಲಿಂದ ಬಂದ್ರೂ ಏಳು ದಿನ ಮನೇಲಿರಿ ಎಂಟನೇ ದಿನ ಟೆಸ್ಟು ಅಂದ್ರು. ಇದೇ ಫೆಬ್ರವರಿ 14ರಿಂದ ಅವೆಲ್ಲ ತೆಗೆದಿದಾರೆ, 14 ದಿನ ನಿಮ್ಮ ಆರೋಗ್ಯ ನೀವೇ ನೋಡ್ಕೊಳ್ಳಿ ಅಂತಾರೆ, ಬಂದೋರಲ್ಲಿ ನೂರಕ್ಕೆ ಇಬ್ಬರಿಗೆ ರ‍್ಯಾಂಡಮ್ ಟೆಸ್ಟ್ ಮಾಡ್ತಾರೆ. ಅಮೆರಿಕ, ಯುಕೆ, ಕೆನಡಾ, ಆಸ್ಟ್ರೇಲಿಯಾ ಎಲ್ಲಾ ಸೇರಿ 82 ದೇಶಗಳ ಲಿಸ್ಟ್ ಇದೆ, ಅಲ್ಲಿಂದ ಬರೋರು ಪೂರ್ತಿ ಲಸಿಕೆ ಸರ್ಟಿಫಿಕೇಟ್ ಹಾಕಿದ್ರೆ ಹೊರಡೋಕೆ ಮುಂಚೆ 72 ಗಂಟೆಯೊಳಗೆ ಮಾಡಿಸೋ ಟೆಸ್ಟ್ ಬೇಡ, ಮಿಕ್ಕೋರಿಗೆ ಬೇಕು. ಆದ್ರೆ ಇಲ್ಲಿಗೆ ಬರೋರು ಆನ್‌ಲೈನಲ್ಲಿ ತುಂಬೋ ಏರ್ ಸುವಿಧಾ ಅನ್ನೋ ಸರ್ಕಾರಿ ಫಾರಂ ಎಲ್ರೂ ತುಂಬ್ಲೇಬೇಕು, ಅದನ್ನ ಫೋನಲ್ಲಿ ಕೂತು ಮಾಡೋಕೆ ಹೋಗ್ಬೇಡಿ, ಫೈಲ್ ಸೈಜ್ ಜಾಸ್ತಿ ಅಂತ ಒಂದ್ಸಲ ಕೈ ಕೊಟ್ರೆ ಎಲ್ಲಾ ಮೊದಲಿಂದ ತುಂಬ್ಬೇಕು. ಲ್ಯಾಪ್‌ಟಾಪಲ್ಲಿ ತುಂಬಿ ಪ್ರಿಂಟ್ ತಗೊಳ್ಳಿ.

ಅಲ್ಲೇ ಸಿಕ್ಕಾಕ್ಕೊಂಡ್ರೆ?

2020ರಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಹಂಗೇ ಸಿಕ್ಕಾಕ್ಕೊಂಡಿದ್ರು, ಮೇ 7ಕ್ಕೆ ಅಂಥೋರನ್ನ ಕರ್ಕೊಂಡು ಬರೋಕೆ ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನ ಶುರುವಾಗೋ ತನಕ. ಅಮೆರಿಕದಲ್ಲಿ ಇರೋಕೆ ಬಿಡೋದು ವೀಸಾದ ಹತ್ತು ವರ್ಷ ಅಲ್ಲ, ಒಳಗೆ ಬಿಡೋವಾಗ ಅವರು ಮಾಡೋ ಐ-94 ಅನ್ನೋ ದಾಖಲೆಲಿರೋ ತಾರೀಖಿನ ತನಕ, ಸಾಮಾನ್ಯವಾಗಿ ಆರು ತಿಂಗಳು. ಇನ್ನೂ ಇರ್ಬೇಕು ಅಂದ್ರೆ ಅದು ಮುಗಿಯೋಕೆ ಮುಂಚೆ ಐ-539 ಅನ್ನೋ ಅರ್ಜಿ ಹಾಕ್ಬೇಕು. ಮಾತ್ರೆ ಚೀಟಿಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಬರೆಸ್ಕೊಳ್ಳಿ, ಅಲ್ಲಿ ನಮ್ಮ ಬ್ರ್ಯಾಂಡ್ ಸಿಗಲ್ಲ.

ಅಮ್ಮಂಗೆ ಇಂಗ್ಲಿಷ್ ಬರಲ್ಲ

ವೀಲ್‌ಚೇರ್ ಬುಕ್ ಮಾಡಿ, ನಡೆಯೋಕಾಗ್ಲಿ ಬಿಡ್ಲಿ. ತಳ್ಳೋರು ಕೌಂಟರ್‌ನಿಂದ ಗೇಟಿನ ತನಕ ಬಿಡ್ತಾರೆ. ಎಲ್ಲಾ ಪೇಪರು ಒಂದು ಪ್ಲಾಸ್ಟಿಕ್ ಫೈಲಲ್ಲಿ, ಪ್ರಿಂಟಲ್ಲೇ, ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಇದು ಎಲ್ಲಿ ತೋರಿಸ್ಬೇಕು ಅಂತ ಬರೆದು ಅಂಟಿಸಿ. ಅಮ್ಮ ಅದನ್ನ ವ್ಯಾನಿಟಿ ಬ್ಯಾಗಿಂದ ಹೊರಗೇ ತೆಗೀಲಿಲ್ಲ ಅನ್ನೋದು ಬೇರೆ ಮಾತು, ಪಕ್ಕದ ಸೀಟಲ್ಲಿ ತುಮಕೂರಿನೋರು ಸಿಕ್ಕಿದ್ರಂತೆ.

ತಿಂಡಿ ತೀರ್ಥ ಏನೇನು ತಗೊಂಡು ಹೋಗ್ಬಹುದು?

ಕೋವಿಡ್‌ಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೆ ಜಾಸ್ತಿ ಜನ ಕೇಳೋದು ಇದನ್ನೇ. ಚಟ್ನಿಪುಡಿ, ಹುಳಿಪುಡಿ, ಗೊಜ್ಜವಲಕ್ಕಿ, ಉಪ್ಪಿನಕಾಯಿ, ಅಂಟಿನುಂಡೆ ನಮ್ಮದೆಲ್ಲ ಹೋಯ್ತು, ಫಾರಂನಲ್ಲಿ ತಿನ್ನೋ ಸಾಮಾನು ಇದೆ ಅಂತ ಬರೆದಿದ್ರು. ಹಸಿ ಹಣ್ಣು ತರಕಾರಿ ಬೇಡ, ಹಸಿ ಕರಿಬೇವಂತೂ ಬೇಡ್ವೇ ಬೇಡ, ಕಿತ್ತಳೆ ನಿಂಬೆ ಗಿಡಗಳಿಗೆ ರೋಗ ಹರಡತ್ತೆ ಅಂತ ಅಮೆರಿಕ ಬಿಡಲ್ಲ, ಹೇಳ್ದೇ ಬಚ್ಚಿಟ್ರೆ ಮೊದಲ ಸಲಕ್ಕೇ 1,000 ಡಾಲರ್ ತನಕ ದಂಡ ಬೀಳ್ಬಹುದು. ಹೊರಡೋ ದಿನ ಸಂಜೆ, ಅಪ್ಪನ ರಿಪೋರ್ಟ್ ಬಂದ್ಮೇಲೆ, ಸೂಟ್‌ಕೇಸ್ ತೂಕ ನೋಡೋಣ ಅಂತ ತೆಗೆದ್ರೆ ಸೀರೆ ಮಡಿಕೆ ಒಳಗೆ ಒಂದು ಕಟ್ಟು ಕರಿಬೇವು, ಒದ್ದೆ ನ್ಯೂಸ್‌ಪೇಪರಲ್ಲಿ ಸುತ್ತಿದ್ದು. ತೆಗೆದು ಫ್ರಿಜ್ಜಲ್ಲಿಟ್ಟೆ, ಆ ವಾರ ಪೂರ್ತಿ ನಾನೊಬ್ನೇ ಚಿತ್ರಾನ್ನ ಮಾಡ್ಕೊಂಡು ತಿಂದೆ.